ಇನ್ನೊಂಚೂರಣ್ಣನ ಬಂಡೆಗೆ ಗಡ್ಡ ಬಂದದ್ದು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಬದುಕಿತ್ತು. ಬೀದಿಗೆಲ್ಲ ಅವನು ಇನ್ನೊಂಚೂರಣ್ಣ. ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತ ಗಿರಾಕಿ "ಸಾಕು ಬಿಡಣ್ಣ" ಅಂದರೆ ಇವನು "ಇನ್ನೊಂಚೂರು" ಅನ್ನುತ್ತಿದ್ದ. ಅನ್ನುವಷ್ಟರಲ್ಲಿ ಆ ಚೂರು ನೆಲಕ್ಕೆ ಬಿದ್ದಿರುತ್ತಿತ್ತು. ಕೆಟ್ಟ ಕೆಲಸಗಾರನಲ್ಲ. ಕೈ ಚುರುಕು, ಕಣ್ಣೂ ಚುರುಕು. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವ ವಿದ್ಯೆಯನ್ನು ದೇವರು ಹಂಚುತ್ತಿದ್ದ ದಿನ ಇವನು ಸಾಲಿನಲ್ಲಿ ಇರಲಿಲ್ಲ.

ಈ ಗುಣದಿಂದ ಅವನಿಗೆ ಹೆಂಡತಿ ಸಿಕ್ಕಳು, ಅತ್ತೆ ತಪ್ಪಿಹೋದಳು. ಮದುವೆಗೆ ಮುಂಚೆ ಹುಡುಗಿಯ ಅಪ್ಪನನ್ನು ಒಲಿಸಿಕೊಳ್ಳೋಣ ಅಂತ ಕತ್ತರಿ ಬಾಚಣಿಗೆ ಹಿಡಿದು ಅವರ ಮನೆಗೇ ಹೋಗಿದ್ದ. "ನಿಮ್ಮ ಮೀಸೆ ನಾನು ಸವರಿಕೊಡ್ತೀನಿ ಕೂತ್ಕೊಳ್ಳಿ" ಅಂದ. ಎಡಗಡೆ ಒಂಚೂರು ಹೆಚ್ಚು ಹೋಯಿತು. ಸರಿ ಮಾಡಲು ಬಲಗಡೆ ಒಂಚೂರು ತೆಗೆದ. ಈಗ ಎಡಗಡೆ ಉದ್ದ ಕಂಡಿತು. ಹೀಗೆ ಅತ್ತ ಇತ್ತ ನ್ಯಾಯ ಹಂಚುತ್ತಾ ಹೋಗಿ, ಕೊನೆಗೆ ಆ ಮನುಷ್ಯ ಕನ್ನಡಿ ನೋಡಿಕೊಂಡಾಗ ಅಲ್ಲಿ ಅವರ ಅಕ್ಕ ಕೂತಿದ್ದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಮಗಳನ್ನು ಕೊಟ್ಟರು. ಅತ್ತೆ ನಗಲಿಲ್ಲ. ಮಾವ ಈಗಿಲ್ಲ, ಮೀಸೆಯ ಕೇಸು ಮಾತ್ರ ಇನ್ನೂ ನಡೆಯುತ್ತಿದೆ. ಅಳಿಯನ ಕತ್ತರಿ ತನ್ನ ತಲೆಯ ಒಂದು ಎಳೆಗೂ ತಾಗಕೂಡದು ಅಂತ ಅತ್ತೆ ಅವತ್ತೇ ಹೇಳಿಬಿಟ್ಟಿದ್ದಳು. ಅಳಿಯನ ಮನೆಗೇ ಬಂದು ಇರತೊಡಗಿದ ಮೇಲೂ ಅದು ಬದಲಾಗಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗುತ್ತಿದ್ದಳು. ಬೆಳಗ್ಗೆ ಇಳಿದು ಬಂದು ಗಿರಾಕಿಗಳು ಕಾಯುವ ಮರದ ಬೆಂಚಿನ ಮೂಲೆ ಹಿಡಿದಳೆಂದರೆ ಅದು ಬೇಡಿಕೆಯೇ ಇಲ್ಲದ ಅನಿರ್ದಿಷ್ಟ ಧರಣಿ. ಎಬ್ಬಿಸುವ ಗಂಡಸು ಹುಟ್ಟಿರಲಿಲ್ಲ.

ಅಂಗಡಿ ಎರಡು ಪಾಲು. ಮುಂದಿನದು ಇವನದು. ನಡುವೆ ಪರದೆ, ಪರದೆಯ ಹಿಂದೆ ಹೆಂಡತಿ ಹೆಂಗಸರ ತಲೆ ನೋಡಿಕೊಳ್ಳುತ್ತಿದ್ದಳು. ಇವನ ಪಾಲಿನಲ್ಲಿ ಒಂದು ವಿಚಿತ್ರವಿತ್ತು. ಕುರ್ಚಿ ಕನ್ನಡಿಯ ಕಡೆ ಮುಖ ಮಾಡಿರಲಿಲ್ಲ, ಗಾಜಿನ ತೊಟ್ಟಿಯ ಕಡೆ ಮಾಡಿತ್ತು. ತೊಟ್ಟಿಯಲ್ಲಿ ಉಪ್ಪುನೀರು, ಕಡಲಿನಿಂದ ಬಂದ ಕಲ್ಲುಗಳು, ಜೀವಂತ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟಿ ಕಟ್ಟಿಕೊಂಡ ಒಂದು ಜೋಡಿ ಮೀನು. ಒಮ್ಮೆ ದವಡೆ ಹಲ್ಲು ಕೀಳಿಸಲು ಹೋಗಿ ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಇಂಥದ್ದೊಂದು ತೊಟ್ಟಿ ನೋಡಿದ್ದ. ನೋಡುತ್ತಾ ಕೂತವನಿಗೆ ನೋವು ಮರೆತುಹೋಗಿ, ಯಾಕೆ ಬಂದೆ ಅನ್ನುವುದನ್ನು ಒಳಗಿನವರು ನೆನಪಿಸಬೇಕಾಯಿತು. ಹಲ್ಲುನೋವನ್ನೇ ಮರೆಸುವ ತೊಟ್ಟಿ, ಕತ್ತರಿ ಕಂಡರೆ ಊರು ಒಂದು ಮಾಡುವ ಮಕ್ಕಳ ಬಾಯನ್ನು ಮುಚ್ಚಿಸದೇ ಇರುತ್ತದೆಯೇ? ಮುಚ್ಚಿಸಿತು. ಮಕ್ಕಳು ಬಾಯಿ ಬಿಟ್ಟು ಮೀನು ನೋಡುತ್ತಾ ಕೂರುತ್ತಿದ್ದರು. ದೊಡ್ಡವರೂ ಅಷ್ಟೇ. ಎದುರಿಗೆ ಕನ್ನಡಿ ಇಲ್ಲದ್ದರಿಂದ ತಲೆಯ ಮೇಲೆ ಏನು ನಡೆಯುತ್ತಿದೆ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕುರ್ಚಿಯನ್ನು ಗಿರ್ರನೆ ತಿರುಗಿಸಿ ಹಿಂದಿನ ಗೋಡೆಯ ಕನ್ನಡಿ ತೋರಿಸುತ್ತಿದ್ದ. ಆಗ ಹೇಳುವುದಕ್ಕೂ ಕೇಳುವುದಕ್ಕೂ ಏನೂ ಉಳಿದಿರುತ್ತಿರಲಿಲ್ಲ.

ತೊಟ್ಟಿಯಲ್ಲಿ ಅವನಿಗೆ ಅಚ್ಚುಮೆಚ್ಚು ಅಂದರೆ ಒಂದು ಹಸಿರು ಹವಳ. ಬೆಳಕು ಹತ್ತಿದರೆ ಮೈತುಂಬ ದಪ್ಪ ಎಳೆಗಳನ್ನು ಬಿಚ್ಚಿ ನೀರಿನಲ್ಲಿ ತೂಗಾಡಿಸುತ್ತಿತ್ತು, ಥೇಟು ಗುಂಗುರು ಕೂದಲು. ಹೆಸರೂ ಗುಂಗುರು ಅಂತಲೇ ಇಟ್ಟಿದ್ದ. ಕತ್ತರಿ ಹಾಕಬೇಕು ಅಂತ ಅವನಿಗೆ ಅನ್ನಿಸದ ಒಂದೇ ಒಂದು ತಲೆ ಈ ಭೂಮಿಯ ಮೇಲೆ ಅದಾಗಿತ್ತು.

ಹೀಗಿರುವಾಗ ಹೊಸದಾಗಿ ತಂದ ಕಲ್ಲಿನ ಜೊತೆ ಬೇರೇನೋ ಬಂತು. ಮೊದಲು ನೋಡಿದ್ದು ಅತ್ತೆ.

"ಅಳಿಯಂದಿರೇ, ನಿಮ್ಮ ಕಲ್ಲು ಹೂ ಬಿಟ್ಟಿದೆ ನೋಡಿ. ನಿಮ್ಮ ಕೈಲಿ ಏನೋ ಒಂದು ಚಿಗುರಿತಲ್ಲ ಅಂತ ಸಂತೋಷ."

ಕಂದು ಬಣ್ಣದ ಪುಟ್ಟ ಕಾಂಡ, ತುದಿಯಲ್ಲಿ ಸುತ್ತಲೂ ಗಾಜಿನಂಥ ತೆಳು ಎಳೆಗಳು. ಚೆಂದವೇ ಇತ್ತು. ಸ್ವಲ್ಪ ದಿನಕ್ಕೆ ಪಕ್ಕದಲ್ಲೊಂದು, ಅದರ ಪಕ್ಕದಲ್ಲೊಂದು. ಕಲ್ಲಿನ ಒಂದು ಕೆನ್ನೆ ಪೂರ್ತಿ ಮಸುಕಾಯಿತು. ಗುಂಗುರಿನ ಹತ್ತಿರದ ಹೂವೊಂದು ಎಳೆ ಚಾಚಿ ತಾಗಿಸಿದರೆ ಗುಂಗುರು ಚಳಿ ಹಿಡಿದವರ ಹಾಗೆ ಮುದುಡಿಕೊಳ್ಳುತ್ತಿತ್ತು. ಇನ್ನೊಂಚೂರಣ್ಣ ಮೂಗನ್ನು ಗಾಜಿಗೆ ಒತ್ತಿ ನೋಡಿದ. ಬೇರೆ ಯಾರೇ ಆಗಿದ್ದರೂ ಕಳೆ ಅನ್ನುತ್ತಿದ್ದರು, ಹುಳ ಅನ್ನುತ್ತಿದ್ದರು. ಇವನ ಕಣ್ಣಿಗೆ ಕಂಡದ್ದೇ ಬೇರೆ.

"ಇದು ಗಡ್ಡ," ಅಂದ ಪರದೆಯ ಕಡೆ ತಿರುಗಿ. "ಬಂಡೆಗೆ ಗಡ್ಡ ಬಂದಿದೆ ಕಣೇ."

"ಬಂದ್ರೆ ಬರ್ಲಿ, ನೀವು ಕೈ ಹಾಕ್ಬೇಡಿ," ಅಂದಳು ಪರದೆಯ ಹಿಂದಿನಿಂದ ಹೆಂಡತಿ.

ಗಡ್ಡ ಅಂದ ಮೇಲೆ ಕೈ ಸುಮ್ಮನಿರುತ್ತದೆಯೇ? ಹಳೇ ರೇಜರಿಗೆ ಹೊಸ ಬ್ಲೇಡು ಹಾಕಿ, ತೋಳು ಮಡಚಿ, ಮೊಣಕೈವರೆಗೆ ತೊಟ್ಟಿಗೆ ಇಳಿಸಿದ. ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ. ಮೂಲೆ ಸಂದಿಯನ್ನೂ ಬಿಡಲಿಲ್ಲ. ಬಂಡೆ ನುಣ್ಣಗಾಯಿತು. ಮದುಮಗನ ಕೆನ್ನೆ ಅಂದರು ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರು. ಪಕ್ಕದ ಶಾಲೆಯವರು, ತಲೆಯಲ್ಲಿ ಕೂದಲಿಲ್ಲದಿದ್ದರೂ ಪೇಪರ್ ಓದಲು ದಿನಾ ಬರುವವರು. ಇನ್ನೊಂಚೂರಣ್ಣ ಹಿಗ್ಗಿ, ಹಿಂದಿನ ಬಂಡೆಯದ್ದೂ ಇನ್ನೊಂಚೂರು ಕೆರೆದ.

ಗುಂಪು ಚದುರಿಸಲು ಲಾಠಿ ಬೀಸಿದವನಿಗೆ ಈ ಲೆಕ್ಕ ತಿಳಿಯುವುದಿಲ್ಲ, ಏಟು ತಿಂದು ಓಡಿದವನಿಗೆ ಚೆನ್ನಾಗಿ ತಿಳಿದಿರುತ್ತದೆ: ಒಂದು ಕಡೆ ಕೂತವರನ್ನು ಹೊಡೆದು ಓಡಿಸಿದರೆ ಮರುದಿನ ಬೀದಿಬೀದಿಯಲ್ಲೂ ಕೂತಿರುತ್ತಾರೆ. ಬಂಡೆಯಿಂದ ಎದ್ದ ಚೂರುಗಳನ್ನು ನೀರು ತಿರುಗಿಸುವ ಪಂಪು ಇಡೀ ತೊಟ್ಟಿಗೆ ಹಂಚಿತು. ಎರಡು ವಾರ ಕಳೆಯುವುದರೊಳಗೆ ಎಲ್ಲ ಬಂಡೆಗಳಿಗೂ ಕುರುಚಲು ಗಡ್ಡ. ಗಾಜಿನ ಮೇಲೂ ಬಂತು. ಪಂಪಿನ ಮೂತಿಯ ಮೇಲೂ ಮೀಸೆಯ ಹಾಗೆ ಬಂತು.

ಮೀನಂಗಡಿಯವನ ಹತ್ತಿರ ಓಡಿದ. ಸಾಕುವ ಮೀನು, ಹವಳ, ಕಡಲಕಲ್ಲು ಮಾರುವ ಆ ಮನುಷ್ಯನಿಗೆ ಗಿರಾಕಿಯ ದಡ್ಡತನವೇ ಅರ್ಧ ಮನರಂಜನೆ.

"ಕತ್ತರಿಸಿದ್ಯಾ?"

"ಕತ್ತರಿಸ್ಲಿಲ್ಲ. ಶೇವ್ ಮಾಡ್ದೆ."

"ಪಂಪು ನಿಲ್ಸಿದ್ಯಾ?"

"ಯಾಕ್ ನಿಲ್ಲಿಸ್ಬೇಕು? ಶೇವ್ ಮಾಡುವಾಗ ಗಿರಾಕಿ ಉಸಿರಾಡೋದು ಬೇಡ್ವಾ?"

ಮೀನಂಗಡಿಯವನು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ. ಇಂಥ ಮಾತನ್ನು ಎರಡೂ ಕೈ ಖಾಲಿ ಇಟ್ಟುಕೊಂಡೇ ಕೇಳಬೇಕು. "ಅಣ್ಣಾ, ಅದು ಹೂವೂ ಅಲ್ಲ ಗಡ್ಡಾನೂ ಅಲ್ಲ, ಪ್ರಾಣಿ. ಪಕ್ಕದಲ್ಲಿ ಇರೋದನ್ನೆಲ್ಲ ಕುಟುಕುತ್ತೆ. ಅದರ ಮೈಯ ಸಣ್ಣ ಚೂರು ಬಿದ್ರೂ ಅಲ್ಲೇ ಬೇರು ಬಿಟ್ಟು ಇನ್ನೊಂದು ಆಗುತ್ತೆ. ನೀನು ಶೇವ್ ಮಾಡ್ಲಿಲ್ಲ ಮಾರಾಯ. ಬಿತ್ತನೆ ಮಾಡಿ ಬಂದಿದ್ದೀಯ."

ಇನ್ನೊಂಚೂರಣ್ಣನಿಗೆ ಅವಮಾನವಾಗಲಿಲ್ಲ. ಕತ್ತರಿಸಿದಷ್ಟೂ ಬೆಳೆಯುವ ವಸ್ತುವನ್ನು ನಂಬಿಯೇ ಅವನು ಇಷ್ಟು ವರ್ಷ ಊಟ ಮಾಡಿದ್ದ. ಆದರೆ ಆ ವಸ್ತು ತನ್ನ ಮೇಲೆಯೇ ತಿರುಗಿ ಬೀಳಬಹುದು ಅಂತ ಎಣಿಸಿರಲಿಲ್ಲ.

"ಹಾಗಾದ್ರೆ ಏನು ಮಾಡ್ಲಿ?"

"ಸಿರಿಂಜಲ್ಲಿ ನಿಂಬೆರಸ ತಗೊಂಡು, ಪಂಪು ನಿಲ್ಲಿಸಿ, ಒಂದೊಂದರ ಬಾಯಿಗೇ ಚುಚ್ಚು. ದಿನಕ್ಕೆ ನಾಲ್ಕೈದಕ್ಕೆ ಮಾತ್ರ. ಜಾಸ್ತಿ ಹುಳಿ ಬಿದ್ರೆ ನೀರು ಕೆಡುತ್ತೆ. ನಾಲ್ಕೈದು ಅಂದ್ರೆ ನಾಲ್ಕೈದು. ನಿನ್ನ ಹೆಸರು ನನಗೆ ಗೊತ್ತು, ಅದಕ್ಕೇ ಎರಡು ಸಲ ಹೇಳ್ತಿದ್ದೀನಿ."

ಮೊದಲ ದಿನ ಐದಕ್ಕೆ ಚುಚ್ಚಿದ. ಐದೂ ಸುಟ್ಟ ಕೂದಲಿನ ಹಾಗೆ ಕರಗಿದವು. ಎರಡನೇ ದಿನ ಐದು ಆಯಿತು, ಆರಾಯಿತು, ಇನ್ನೊಂಚೂರು ಅಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲಿ ನಿಂಬೆಹಣ್ಣು ಖಾಲಿ. ಸಂಜೆ ನೋಡಿದರೆ ಪಟ್ಟೆ ಮೀನುಗಳೆರಡೂ ಮೇಲೆ ಬಂದು ಬಾಯಿ ಬಡಿದುಕೊಳ್ಳುತ್ತಿವೆ. ಗುಂಗುರು ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಬೋಳು ಕಲ್ಲಾಗಿ ಕೂತಿದೆ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗಾಗಿತ್ತು. ಗಂಡ ಹೆಂಡತಿ ಸೇರಿ ಅರ್ಧ ತೊಟ್ಟಿ ನೀರು ಹೊರಗೆ ಚೆಲ್ಲಿ, ಹೊಸ ಉಪ್ಪುನೀರು ಕಲಸಿ ತುಂಬಿದರು.

ಬಕೀಟು ಕೆಳಗಿಟ್ಟ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳಿಗೆ ಬಹಳ ದಿನದಿಂದ ಒಂದು ಆಸೆ ಇತ್ತು. ಗಿರಾಕಿ ಒರಗಿ ಮಲಗಿ ತಲೆ ತೊಳೆಸಿಕೊಳ್ಳುವ ಬೇಸಿನ್ನು. ನೀರಿನ ಪೈಪು ಇದ್ದದ್ದು ಮುಂದಿನ ಪಾಲಿನಲ್ಲಿ. ಅಲ್ಲಿ ಎರಡೇ ಜಾಗ, ಒಂದರಲ್ಲಿ ತೊಟ್ಟಿ, ಇನ್ನೊಂದರಲ್ಲಿ ಅತ್ತೆಯ ಬೆಂಚು.

"ನೋಡ್ರೀ, ಬೇಸಿನ್ ಬುಕ್ ಮಾಡಿದ್ದೀನಿ. ಬರೋ ತಿಂಗಳ ಮೊದಲನೇ ಸೋಮವಾರ ಪ್ಲಂಬರ್ ಬರ್ತಾನೆ. ಅಷ್ಟರೊಳಗೆ ನಿಮ್ಮ ಗುಂಗುರು ಮೊದಲಿನ ಹಾಗೆ ತಲೆ ಬಿಚ್ಚಿದ್ರೆ ತೊಟ್ಟಿ ಇರ್ಲಿ, ನಾನೇ ಬೇರೆ ಏನಾದ್ರೂ ಮಾಡ್ಕೋತೀನಿ. ಇಲ್ಲ ಅಂದ್ರೆ ತೊಟ್ಟಿ ಹೋಗುತ್ತೆ. ಮೀನನ್ನ ಮೀನಂಗಡಿಗೆ ವಾಪಸ್ ಕೊಡಿ. ಸಾಯ್ಸೋದಕ್ಕೆ ಸಾಕ್ಬಾರದು."

"ಬೆಂಚು ತೆಗೀಬಹುದಲ್ಲ?"

"ಅಮ್ಮನ್ನ ಎಲ್ಲಿ ಕೂರಿಸ್ಲಿ, ನಿಮ್ಮ ಹೆಗಲ ಮೇಲಾ?"

ಬೆಂಚಿನ ಮೂಲೆಯಿಂದ ಅತ್ತೆ ಕೆಮ್ಮಿದಳು. ಕೆಮ್ಮಿನಲ್ಲಿ ಮೀಸೆಯ ಕೇಸಿನ ತೀರ್ಪಿತ್ತು.

ಮತ್ತೆ ಮೀನಂಗಡಿ. ಈ ಸಲ ಆತ ಬೈಯಲಿಲ್ಲ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೈಮೇಲೆ ಕೆಂಪು ಗೆರೆ ಇರುವ ನಾಲ್ಕು ಸಣ್ಣ ಸೀಗಡಿ ಹಾಕಿಕೊಟ್ಟ. "ಇವು ನಿನ್ನ ಗಡ್ಡ ತಿನ್ನುತ್ತವೆ. ದೊಡ್ಡದಕ್ಕೆ ಹೆದರ್ತವೆ, ಕುರುಚಲನ್ನ ಬುಡಸಮೇತ ಮುಗಿಸ್ತವೆ. ಆದ್ರೆ ಹಸಿದಿರ್ಬೇಕು. ಬೇರೆ ಊಟ ಸಿಕ್ಕಿತು ಅಂದ್ರೆ ಇದನ್ನ ಮೂಸಿಯೂ ನೋಡಲ್ಲ. ಮೀನಿಗೆ ಹಾಕೋದನ್ನೂ ಚಿಟಿಕೆಗೆ ಇಳಿಸು. ಮತ್ತೆ ನಿನ್ನ ಕೈ."

"ಕೈ ಏನಾಯ್ತು?"

"ಜೇಬಲ್ಲಿ ಇಟ್ಕೋ."

ಇಟ್ಟುಕೊಂಡ. ಜೀವನದಲ್ಲಿ ಅವನು ಮಾಡಿದ ಅತಿ ಕಷ್ಟದ ಕೆಲಸ ಅದು. ಬೆಳಗ್ಗೆ ತೊಟ್ಟಿಯ ಬೆಳಕು ಹಾಕುವ ಮುಂಚೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಸೀಗಡಿಗಳು ಬಂಡೆಯ ಮೇಲೆ ಅಡ್ಡಾಡುತ್ತಿದ್ದವು, ಗಡ್ಡದ ನಡುವೆ ಹಾದು ಹೋಗುತ್ತಿದ್ದವು, ಉದ್ಯಾನದಲ್ಲಿ ವಾಕಿಂಗ್ ಬಂದವರ ಹಾಗೆ. ತಿನ್ನುವ ಲಕ್ಷಣ ಇಲ್ಲ. ವಾರವಾಯಿತು, ಹತ್ತು ದಿನವಾಯಿತು. ಗಡ್ಡ ತೆಳುವಾಗಲಿಲ್ಲ, ಸೀಗಡಿಗಳು ಮಾತ್ರ ದಪ್ಪವಾದವು. ಮೀನಿಗೆ ಚಿಟಿಕೆಯಷ್ಟೇ ಹಾಕುತ್ತಿದ್ದೇನೆ, ಅದನ್ನೂ ಮೀನು ನೆಲಕ್ಕೆ ಬೀಳಲು ಬಿಡುವುದಿಲ್ಲ. ಹಾಗಾದರೆ ಇವು ಏನು ತಿಂದು ಗಾಮಾ ಪೈಲ್ವಾನರ ಹಾಗೆ ಊದಿಕೊಳ್ಳುತ್ತಿವೆ?

ಗುಟ್ಟು ಒಡೆದದ್ದು ಕನ್ನಡಿಯಲ್ಲಿ. ಅವತ್ತು ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಕಿವಿಯ ಹಿಂದೆ ಉಳಿದ ನಾಲ್ಕು ಕೂದಲನ್ನು ಇನ್ನೊಂಚೂರಣ್ಣ ಎರಡಕ್ಕೆ ಇಳಿಸಿ, ಎಂದಿನಂತೆ ಕುರ್ಚಿಯನ್ನು ಗಿರ್ರನೆ ಕನ್ನಡಿಯ ಕಡೆ ತಿರುಗಿಸಿದ. ಈಗ ಇಬ್ಬರ ಬೆನ್ನೂ ತೊಟ್ಟಿಯ ಕಡೆಗೆ. ಯಾವತ್ತೂ ಗಿರಾಕಿಯ ಕೂದಲನ್ನೇ ನೋಡುವವನು ಅವತ್ತು ಬೋಳುತಲೆಯ ಆಚೆ ಕನ್ನಡಿಯಲ್ಲಿ ನೋಡಿದರೆ ಬೆಂಚಿನ ಮೂಲೆಯಿಂದ ಅತ್ತೆ ಸದ್ದಿಲ್ಲದೆ ಎದ್ದಳು. ಸೊಂಟನೋವು ಅಂತ ದಿನಾ ನರಳುವವಳು ಬೆಕ್ಕಿನ ಹಾಗೆ ನಡೆದಳು. ಸೆರಗಿನ ಗಂಟು ಬಿಚ್ಚಿ, ಬೇಯಿಸಿದ ಮೀನಿನ ಚೂರುಗಳನ್ನು ಒಂದೊಂದಾಗಿ ತೊಟ್ಟಿಗೆ ಉದುರಿಸಿದಳು. ಒಂದು ಉದ್ದ ಪೊರಕೆ ಕಡ್ಡಿಯಿಂದ ಚೂರನ್ನು ಕೆಳಕ್ಕೆ ತಳ್ಳಿ, ಆ ಹೂಗಳ ಬಾಯಿಗೇ ತಾಗಿಸಿದಳು. ಸೀಗಡಿಗಳು ಓಡಿಬಂದವು. ಪಂಕ್ತಿಯಲ್ಲಿ ಕೂತು ರೂಢಿಯಾಗಿದ್ದ ಓಟ ಅದು.

"ಅತ್ತೆ," ಅಂದ ಇನ್ನೊಂಚೂರಣ್ಣ, ತಿರುಗದೆ.

ಅತ್ತೆ ಕಡ್ಡಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಸೆರಗು ಮುಟ್ಟಿ ನೋಡಿಕೊಂಡಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ನಾನು ಮೊದಲಿಂದ್ಲೂ ನೋಡ್ತಿದ್ದೀನಿ," ಅಂದರು ಮೇಷ್ಟ್ರು ಕುರ್ಚಿಯಿಂದ. "ನೀನೇ ಹೇಳಿ ಮಾಡಿಸ್ತಿದ್ದೀಯ ಅನ್ಕೊಂಡೆ. ನೀನು ಕುರ್ಚಿ ತಿರುಗಿಸೋದು, ಅಮ್ಮ ಏಳೋದು, ಒಳ್ಳೇ ಹೊಂದಾಣಿಕೆ ಇತ್ತಪ್ಪ."

ಅತ್ತೆಗೆ ಈಗ ದನಿ ಬಂತು. "ಹೌದು, ಹಾಕ್ತಿದ್ದೆ. ಹೂ ಬಿಟ್ಟಾಗಿಂದ ಹಾಕ್ತಿದ್ದೀನಿ. ದಿನವಿಡೀ ಕೈ ಚಾಚ್ಕೊಂಡು ನಿಂತಿರ್ತವೆ. ಕೈ ಚಾಚಿದವರಿಗೆ ಇಲ್ಲ ಅನ್ನೋ ಮನೆಯಲ್ಲಿ ನಾನು ಹುಟ್ಟಿಲ್ಲ. ನೀವು ನೋಡಿದ್ರೆ ಅವಕ್ಕೆ ಬ್ಲೇಡು ಹಾಕ್ತೀರಿ, ಹುಳಿ ಚುಚ್ತೀರಿ. ಆಮೇಲೆ ಪಾಪ ಈ ಸೀಗಡಿಗಳನ್ನ ತಂದು ಉಪವಾಸ ಕೆಡವಿದ್ರಿ. ಇನ್ನೊಂಚೂರು ಹಾಕಿದ್ರೆ ಏನಾಗುತ್ತೆ ಅಂತ ಹಾಕ್ದೆ."

ಪರದೆಯ ಹಿಂದೆ ಹೆಂಡತಿ ಯಾರದೋ ತಲೆಯನ್ನು ಅರ್ಧಕ್ಕೆ ಬಿಟ್ಟು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಇಷ್ಟು ವರ್ಷ ಅಳಿಯನನ್ನು ಯಾವ ಮಾತಿಗೆ ಹಂಗಿಸಿದ್ದಳೋ ಅದೇ ಮಾತು ತನ್ನ ಬಾಯಿಂದ ಬಿದ್ದದ್ದು ಅತ್ತೆಗೂ ತಿಳಿಯಿತು. ಮುಖ ಬಿಗಿದುಕೊಂಡು ಬೆಂಚಿಗೆ ಹೋಗಿ ಕೂತಳು.

ಇನ್ನೊಂಚೂರಣ್ಣನಿಗೆ ಬೈಯಲು ಬಾಯಿ ಬರಲಿಲ್ಲ. ತಾನು ಬ್ಲೇಡಿನಿಂದ ಬಿತ್ತಿದ್ದ, ಆಕೆ ಮೀನುಚೂರಿನಿಂದ ಗೊಬ್ಬರ ಹಾಕಿದ್ದಳು. ಇಬ್ಬರೂ ಸೇರಿ ಬೇಸಾಯ ಮಾಡಿದ್ದರು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಗುಂಗುರಿನ ಬೋಳು ಬುಡವನ್ನು ಬೆರಳು ಮಾಡಿ ತೋರಿಸಿದ.

"ಅತ್ತೆ, ಅದು ಹೂವಲ್ಲ. ಅದು ಹೊಟ್ಟೆ ತುಂಬಿ ಬೆಳೆದಷ್ಟೂ ಇದನ್ನ ಕುಟುಕಿ ಸಾಯಿಸುತ್ತೆ. ಪ್ಲಂಬರ್ ಬರೋ ಹೊತ್ತಿಗೆ ಇದು ಬಿಚ್ಚದಿದ್ರೆ ತೊಟ್ಟಿ ಹೋಗುತ್ತೆ. ನಿಮ್ಮ ಮಗಳು ಹೇಳಿದ್ಮೇಲೆ ಹೇಳಿದ ಹಾಗೇ. ನೀವು ಹೆತ್ತಿರೋದು, ನಿಮಗೇ ಗೊತ್ತು."

ಅತ್ತೆ ಸೆರಗಿನ ಗಂಟನ್ನು ಮತ್ತೆ ಬಿಗಿದಳು.

"ನನಗೊಂದು ಬೇಕು," ಅಂದಳು. "ಒಂದೇ ಒಂದು. ನನ್ನ ಕೋಣೆಯಲ್ಲಿ ಇಟ್ಕೋತೀನಿ. ಅದಕ್ಕೆ ನಾನು ಏನಾದ್ರೂ ಹಾಕ್ತೀನಿ, ನೀವು ಕೇಳ್ಬಾರದು. ಹಾಗಾದ್ರೆ ಇಲ್ಲಿಗೆ ಕೈ ಹಾಕಲ್ಲ."

ರಾಜಿಯಾಯಿತು. ಹೂವೊಂದು ಕೂತಿದ್ದ ಸಣ್ಣ ಕಲ್ಲುಚೂರನ್ನು ಹಾಗೆಯೇ ಎತ್ತಿ, ಅಗಲ ಬಾಯಿಯ ಗಾಜಿನ ಜಾಡಿಗೆ ಉಪ್ಪುನೀರಿನ ಸಮೇತ ಹಾಕಿಕೊಟ್ಟ. ಜಾಡಿಯ ಒಂದು ತೊಟ್ಟು ನೀರೂ ತೊಟ್ಟಿಗೆ ಬರಕೂಡದು ಅನ್ನುವುದು ಅವನ ಷರತ್ತು. ಅಳಿಯನ ನೆರಳೂ ಜಾಡಿಯ ಮೇಲೆ ಬೀಳಕೂಡದು ಅನ್ನುವುದು ಅವಳದು.

ಊಟ ನಿಂತ ಸೀಗಡಿಗಳು ಎರಡು ದಿನ ಗಾಜಿನ ಹತ್ತಿರ ಬಂದು ಅತ್ತೆಯ ದಾರಿ ಕಾದವು. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡು ಕೂತಳು. ಮೂರನೇ ಬೆಳಗ್ಗೆ ಇನ್ನೊಂಚೂರಣ್ಣ ನೋಡಿದರೆ ಒಂದು ಸೀಗಡಿ ಬಂಡೆಯ ಮೇಲಿನ ಕುರುಚಲನ್ನು ಬುಡದಿಂದ ಜಗಿಯುತ್ತಿದೆ. ಹಸಿವಿನ ಮುಂದೆ ಮುಲಾಜಿಲ್ಲ. ದಿನದಿಂದ ದಿನಕ್ಕೆ ಬಂಡೆ ಬೆಳ್ಳಗಾಯಿತು, ಒಂದು ಕೆನ್ನೆ, ಇನ್ನೊಂದು ಕೆನ್ನೆ, ಗದ್ದ. ಅಲ್ಲೊಂದು ಇಲ್ಲೊಂದು ಉಳಿದದ್ದನ್ನು ಕಂಡಾಗ ಅವನ ಬೆರಳು ಕುಣಿಯುತ್ತಿತ್ತು. ತೊಟ್ಟಿಗೆ ಹಾಕಲಾಗದ ಕೈಯನ್ನು ತನ್ನ ಮುಖದ ಮೇಲೆ ಹಾಕಿಕೊಂಡ. ಎಡಗಡೆ ಒಂಚೂರು, ಬಲಗಡೆ ಒಂಚೂರು. ಆ ತಿಂಗಳು ಮುಗಿಯುವುದರೊಳಗೆ ಸ್ವಂತ ಮೀಸೆ ಪೂರ್ತಿ ಹೋಯಿತು. ಅತ್ತೆ ನೋಡಿದಳು. ಅವತ್ತು ಎರಡು ಸಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸೋಮವಾರ ಬಂತು. ಪ್ಲಂಬರ್ ಭುಜದ ಮೇಲೆ ಪೈಪು ಹೊತ್ತು ಬಾಗಿಲಲ್ಲಿ ನಿಂತ. ಎಲ್ಲರೂ ತೊಟ್ಟಿಯ ಮುಂದೆ ಸೇರಿದರು. ಬಂಡೆಗಳು ನುಣ್ಣಗಿದ್ದವು. ಗುಂಗುರು ಒಂದು ಕಡೆ ಎಳೆಗಳನ್ನು ಬಿಚ್ಚಿ ತೂಗುತ್ತಿತ್ತು. ಇನ್ನೊಂದು ಕಡೆ ಇನ್ನೂ ಮುದುಡಿಕೊಂಡೇ ಇತ್ತು.

"ಅರ್ಧ," ಅಂದಳು ಹೆಂಡತಿ.

"ಅರ್ಧ ಬಿಚ್ಚಿದ ಮೇಲೆ ಇನ್ನರ್ಧ ಬಿಚ್ಚದೇ ಎಲ್ಲಿಗೆ ಹೋಗುತ್ತೆ? ಇನ್ನೊಂಚೂರು ದಿನ ಬಿಡು."

"ಇನ್ನೊಂಚೂರು ಅನ್ನೋ ಮಾತು ಈ ಮನೇಲಿ ನಡೆಯಲ್ಲ ರೀ. ಮೊದಲಿನ ಹಾಗೆ ಅಂದಿದ್ದೆ. ಇದು ಮೊದಲಿನ ಹಾಗಾ?"

ಅಲ್ಲ. ಅವನಿಗೂ ಗೊತ್ತು. ಇನ್ನೊಂದು ಕಡೆಯ ಎಳೆಗಳನ್ನು ಸ್ವಲ್ಪ ಎಳೆದು ಬಿಡಿಸಿದರೆ ಹೇಗೆ ಅಂತ ಕೈ ತೊಟ್ಟಿಯ ಅಂಚಿಗೆ ಹೋಯಿತು. ಅಂಚಿನಲ್ಲೇ ನಿಂತಿತು. ಅವನು ಅದನ್ನು ಹಿಂದಕ್ಕೆ ತಂದು ಜೇಬಿನಲ್ಲಿ ಹಾಕಿಕೊಂಡ. ಇದನ್ನು ಹೆಂಡತಿ ನೋಡಲಿಲ್ಲ, ಅತ್ತೆ ನೋಡಿದಳು.

"ಏ ಪೈಪಿನವನೇ," ಅಂದಳು ಅತ್ತೆ, ಬೆಂಚಿನಿಂದ ಏಳುತ್ತಾ. "ಈ ಬೆಂಚು ಎತ್ತು. ಬೇಸಿನ್ ಇಲ್ಲಿ ಹಾಕು."

"ಅಮ್ಮಾ, ನೀನೆಲ್ಲಿ ಕೂರ್ತೀಯ?"

"ಈ ಹಲಗೆ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದೋಗಿದೆ. ಯಾರಾದ್ರೂ ಕೇಳಿದ್ರಾ? ಆ ಮೆತ್ತನೆ ಕುರ್ಚಿ ಮಧ್ಯಾಹ್ನವೆಲ್ಲ ಖಾಲಿ ಇರುತ್ತೆ. ಅಲ್ಲಿ ಕೂರ್ತೀನಿ."

ಬೆಂಚು ಹೋಯಿತು, ಬೇಸಿನ್ ಬಂತು. ತೊಟ್ಟಿ ಇದ್ದಲ್ಲೇ ಉಳಿಯಿತು. ಪೇಪರ್ ಓದುವ ಮೇಷ್ಟ್ರು ನಿಂತುಕೊಂಡೇ ಓದುವುದನ್ನು ಕಲಿತರು.

ಆ ವಾರದ ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು ಗುಂಗುರನ್ನೇ ನೋಡುತ್ತಿದ್ದಳು. ಇನ್ನೊಂಚೂರಣ್ಣ ಹಿಂದೆ ನಿಂತು ಬಾಚಣಿಗೆ ಒರೆಸುತ್ತಿದ್ದ. ಅವಳ ಜಡೆಯ ತುದಿ ಕುರ್ಚಿಯ ಬೆನ್ನಿನ ಮೇಲೆ ಇಳಿಬಿದ್ದಿತ್ತು. ಸೀಳಿ, ಒಣಗಿ, ಹಳೇ ಪೊರಕೆಯ ಹಾಗಾಗಿತ್ತು. ಅವನು ನೋಡಿಯೂ ನೋಡದವನಂತೆ ಇದ್ದ.

"ನೋಡ್ತಿದ್ದೀರಿ ಅಂತ ಗೊತ್ತು," ಅಂದಳು ಅತ್ತೆ, ತಿರುಗದೆ. "ತುದಿ ಮಾತ್ರ. ಒಂದು ಬೆರಳಷ್ಟು."

ಅವನು ಬಿಳಿ ಬಟ್ಟೆ ಹೊದಿಸಿದ. ಜಡೆ ಬಿಚ್ಚಿ ಬಾಚಿದ. ಕೂದಲನ್ನು ಬೆರಳಿನ ನಡುವೆ ಹಿಡಿದು ಎಡಗಡೆಯಿಂದ ಕತ್ತರಿಸುತ್ತಾ ಬಂದ. ಬಲಗಡೆಗೆ ಬಂದಾಗ ಅತ್ತೆ ಗುಂಗುರಿನ ಕಡೆ ಕತ್ತು ಚಾಚಿದಳು, ಅಷ್ಟಕ್ಕೇ ಕತ್ತರಿ ಒಂದೆಳೆ ಮೇಲೆ ಹೋಯಿತು. ಹಿಂದೆ ಸರಿದು ನೋಡಿದ. ಬಲಗಡೆ ಒಂಚೂರು ಗಿಡ್ಡ.

"ಏನು, ಕತ್ತರಿ ನಿಂತು ಬಿಡ್ತು?"

"ಏನಿಲ್ಲ ಅತ್ತೆ."

"ಒಂದು ಕಡೆ ಹೆಚ್ಚು ಹೋಯ್ತು ಅಲ್ವಾ?"

ಅವನ ಬೆರಳು ಎಡಗಡೆಯ ಕೂದಲಿಗೆ ಹೋಯಿತು.

"ಹೋದ್ರೆ ಹೋಯ್ತು," ಅಂದಳು ಅತ್ತೆ. "ಸರಿ ಮಾಡಕ್ಕೆ ಹೋಗ್ಬೇಡಿ."

ಅವನು ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದ.